ಡಬ್ಬಿಯಲ್ಲಿ ಅರಳುವ ದಸರಾ

ದಸರೆಯಿಂದ ದೀಪಾವಳಿಯವರೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಓಣಿಗಳಲ್ಲಿ ನಡೆಯುವಾಗ ನನ್ನ ಕಣ್ಣು ಮನೆಮನೆಯ ಜಗಲಿ ಬಿಟ್ಟು ಕದಲುವುದಿಲ್ಲ. ತಳಕ್ಕೆ ತೂತು ಹೊಡೆದ ಬಣ್ಣದ ಡಬ್ಬಿ, ಎಣ್ಣೆ ಟಿನ್ನು, ಸೀಳಿದ ಬಕೆಟ್ಟು, ಎಲ್ಲದರಲ್ಲೂ ಹೂವು.

ಈ ಜೋಡಣೆಯಲ್ಲಿ ಅಪ್ಪಟ ಕಲೆಯಿದೆ. ಎತ್ತರದ ಚೆಂಡುಹೂವು ಹಿಂದೆ, ಕಡುಗೆಂಪು ಕೋಳಿಜುಟ್ಟು ನಡುವೆ, ಅಂಚಿನಿಂದ ಇಳಿಬೀಳುವ ಟೇಬಲ್ ರೋಸ್ ಮುಂದೆ. ಹೂವು ಬಾಡಿದ ಮೇಲೂ ಕ್ರೋಟನ್ ಎಲೆಗಳು ಬಣ್ಣ ಕಾಯುತ್ತವೆ.

ಡಬ್ಬಿಯ ಒಳಗೂ ಅಷ್ಟೇ ಜಾಣ್ಮೆ ಬೇಕು. ತಳದಲ್ಲಿ ಹೆಂಚಿನ ಚೂರು, ಮೇಲೆ ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಮಳೆ ಕಡಿಮೆಯಿರುವ ಜಗಳೂರಿಗೆ ತೇವ ಹಿಡಿದಿಡುವ ತೆಂಗಿನ ನಾರಿನ ಪುಡಿ ಹೊಂದುತ್ತದೆ. ಅಡಿಕೆ ಸೀಮೆಯಾದ ಚನ್ನಗಿರಿಗೆ ಕಳಿತ ಅಡಿಕೆ ಸಿಪ್ಪೆಯ ಹೊದಿಕೆ.

ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಸೇವಂತಿಗೆ. ಇರುಳು ಉದ್ದವಾಗತೊಡಗಿದಾಗ ಮೊಗ್ಗು ಹಿಡಿಯುವ ಗಿಡವದು. ಹಾಗಾಗಿ ಮಳೆಗಾಲದಲ್ಲೇ ಕುಡಿ ಚಿವುಟಿ ಕವಲೊಡೆಸಬೇಕು. ರಾತ್ರಿಯಿಡೀ ಬೀದಿದೀಪ ಬೀಳುವಲ್ಲಿ ಇಟ್ಟರೆ ಹೂ ತಡವಾಗುತ್ತದೆ. ಇದನ್ನು ಬಲ್ಲವರ ಮನೆಯಲ್ಲಿ ಹಬ್ಬದ ಪೂಜೆಗೆ ಹೂವು ಜಗಲಿಯಿಂದಲೇ ಸಿಗುತ್ತದೆ.

ಡಬ್ಬಿಯಲ್ಲಿ ಹೂ ಬೆಳೆಸಿ ಹಿತ್ತಲಿಲ್ಲದ ಮನೆಗೂ ತೋಟದ ಭಾಗ್ಯ ತಂದ ಈ ಮನೆಯವರ ಕೈಗಳು ದೊಡ್ಡವು.