ಗಾಡಿಯ ಬೆನ್ನ ಮೇಲಿನ ಬರಹ: ಬಳ್ಳಾರಿ ಪರಿಸರದ ವಾಹನೋಕ್ತಿಗಳಲ್ಲಿ ಹಾಸ್ಯ ಮತ್ತು ಅಂತರ

ಜಾನಪದವೆಂದರೆ ಬೀಸುಕಲ್ಲಿನ ಪದ, ಕೋಲಾಟದ ಹಾಡು, ಅಜ್ಜಿ ಹೇಳಿದ ಕಥೆ ಎಂಬ ತಿಳಿವಳಿಕೆಯಿಂದ ಕನ್ನಡದ ಜಾನಪದ ಅಧ್ಯಯನ ಬಹುದೂರ ಸಾಗಿ ಬಂದಿದೆ. ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ ಅವರು ಕಾರ್ಲ್ ಪ್ಯಾಗ್ಟರ್ ಅವರೊಡಗೂಡಿ 1975ರಲ್ಲಿ ಪ್ರಕಟಿಸಿದ ಸಂಗ್ರಹವೊಂದು, ಕಚೇರಿಗಳಲ್ಲಿ ನಕಲಾಗಿ ಕೈಯಿಂದ ಕೈಗೆ ದಾಟುತ್ತಿದ್ದ ಹಾಸ್ಯಬರಹಗಳನ್ನೂ ಜಾನಪದದ ಪರಿಧಿಗೆ ತಂದಿತು. ಬರಹದಲ್ಲಿದ್ದುದು ಜಾನಪದವಾಗಲಾರದು ಎಂಬ ಹಳೆಯ ಆಕ್ಷೇಪಕ್ಕೆ ಅಂದಿನಿಂದ ಬಲ ಉಳಿದಿಲ್ಲ. ಆದರೂ ಲಾರಿ, ಆಟೊ, ಟ್ರ್ಯಾಕ್ಟರ್ ಟ್ರೇಲರುಗಳ ಹಿಂಬದಿಯಲ್ಲಿ ಕಾಣುವ ಬರಹಗಳು ಕನ್ನಡದಲ್ಲಿ ಹೆಚ್ಚಾಗಿ ಪತ್ರಿಕೆಗಳ ನಗೆಮೂಲೆಯ ಸರಕಾಗಿಯೇ ಉಳಿದಿವೆ. ಹೀಗೆ ಪಟ್ಟಿ ಮಾಡಿದ ಉಕ್ತಿಗಳಲ್ಲಿ ಮಾತು ಉಳಿಯುತ್ತದೆ. ಅದು ಯಾವ ಗಾಡಿಯ ಮೇಲಿತ್ತು, ಎಷ್ಟು ದೊಡ್ಡ ಅಕ್ಷರದಲ್ಲಿತ್ತು, ಎಷ್ಟು ದೂರದಿಂದ ಓದಲು ಬರುತ್ತಿತ್ತು ಎಂಬುದು ಅಳಿಸಿಹೋಗುತ್ತದೆ. ಪಠ್ಯ, ಅದರ ಹೆಣಿಗೆ ಮತ್ತು ಸಂದರ್ಭ ಎಂಬ ಮೂರನ್ನೂ ಒಟ್ಟಿಗೆ ನೋಡಬೇಕೆಂದು ಡಂಡೆಸ್ 1964ರಲ್ಲಿಯೇ ವಾದಿಸಿದ್ದರು. ವಾಹನದ ಬರಹದ ಮಟ್ಟಿಗೆ ಈ ಸಂದರ್ಭವೆಂದರೆ ಮುಖ್ಯವಾಗಿ ಅಂತರ: ಮುಂದಿನ ಗಾಡಿಗೂ ಅದರ ಬೆನ್ನಿಗಂಟಿ ಬರುವ ಗಾಡಿಗೂ ನಡುವಿನ ಅಂತರ. ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಪರಿಸರದ ಬರಹಗಳನ್ನು, ಅಂದರೆ ಇಲ್ಲಿ ವಾಹನೋಕ್ತಿಗಳೆಂದು ಕರೆಯಲಾಗಿರುವುದನ್ನು, ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

ಮೂರು ದಾರಿ, ಮೂರು ಬಗೆ

ಈ ಮೂರೂ ನೆಲೆಗಳು ಒಂದೇ ಜಿಲ್ಲೆಯವಾದರೂ ಅವುಗಳ ಸಂಚಾರ ಒಂದೇ ಬಗೆಯದಲ್ಲ. ಹಿಂದೆ 63 ಎಂದಿದ್ದು ಈಗ 67 ಎಂಬ ಸಂಖ್ಯೆ ಪಡೆದಿರುವ ಹೊಸಪೇಟೆ–ಬಳ್ಳಾರಿ–ಗುತ್ತಿ ರಾಷ್ಟ್ರೀಯ ಹೆದ್ದಾರಿ ಬಳ್ಳಾರಿಯನ್ನು ಹಾದುಹೋಗುತ್ತದೆ. ಸಂಡೂರು ಸೀಮೆಯ ಅದಿರು ಲಾರಿಗಳೂ ಆಂಧ್ರದ ಗಾಡಿಗಳೂ ನಗರದ ಆಟೊಗಳೂ ಇಲ್ಲಿ ಒಂದನ್ನೊಂದು ಸಂಧಿಸುತ್ತವೆ. ಸಿರುಗುಪ್ಪ ತುಂಗಭದ್ರೆಯ ನೀರಾವರಿಯ ಭತ್ತದ ನಾಡು. ಕೊಯ್ಲಿನ ದಿನಗಳಲ್ಲಿ ಭತ್ತದ ಟ್ರ್ಯಾಕ್ಟರುಗಳೂ ಅಕ್ಕಿ ಗಿರಣಿಗಳ ಲಾರಿಗಳೂ 150ಎ ರಾಷ್ಟ್ರೀಯ ಹೆದ್ದಾರಿಯನ್ನು ಹಂಚಿಕೊಳ್ಳುತ್ತವೆ. ಕುರುಗೋಡು ದೊಡ್ಡಬಸವೇಶ್ವರನ ಕ್ಷೇತ್ರ. ಸುತ್ತಲಿನದು ಭತ್ತ ಮತ್ತು ಮೆಣಸಿನಕಾಯಿಯ ಬೇಸಾಯ.

ವಾಹನೋಕ್ತಿಗಳ ಬಗೆಯೂ ಇದಕ್ಕೆ ತಕ್ಕಂತೆ ಬದಲಾಗುತ್ತದೆ. ಊರಿನ ಟ್ರೇಲರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಾಣುವುದು ಮನೆದೇವರ ಹೆಸರು, ಮಕ್ಕಳ ಹೆಸರು, ಊರಿನ ಹೆಸರು, ‘ತಂದೆ ತಾಯಿಯ ಆಶೀರ್ವಾದ’. ಹಿಂದೆ ಬರುವವನು ಇಲ್ಲಿ ಎದುರಾಳಿಯಲ್ಲ. ನಿಧಾನವಾಗಿ ಸಾಗುವ ಹೊರೆಯನ್ನು ದಾಟಲು ಕಾದಿರುವ ಊರಿನವನೋ ನೆರೆಯವನೋ ಆಗಿರುತ್ತಾನೆ. ಅವನಿಗೆ ಗಾಡಿ ತಾನು ಯಾರದೆಂದು ಪರಿಚಯ ಹೇಳಿಕೊಳ್ಳುತ್ತದೆ. ಹೆದ್ದಾರಿಯ ಲಾರಿಯಲ್ಲಿ ಪರಿಚಯಕ್ಕಿಂತ ಆಜ್ಞೆ ಮುಖ್ಯ: ‘ಅಂತರ ಕಾಪಾಡಿ’, ‘ಸೌಂಡ್ ಹಾರ್ನ್’, ‘ನಿಧಾನವೇ ಪ್ರಧಾನ’. ನಗರದ ಆಟೊದಲ್ಲಿ ಆಜ್ಞೆಯೂ ಹಿಂದೆ ಸರಿದು ಚೇಷ್ಟೆ, ಸವಾಲು, ಸಿನಿಮಾ ನಟನ ಮೇಲಿನ ಅಭಿಮಾನ ಮುಂದೆ ಬರುತ್ತವೆ. ಈ ಗೆರೆಗಳು ಗಟ್ಟಿಯಾದವಲ್ಲ. ಆದರೆ ಹಿಂದಿನವನು ಯಾರು ಎಂಬ ಊಹೆಯೇ ಬರಹದ ಸ್ವರವನ್ನು ನಿರ್ಧರಿಸುತ್ತದೆ ಎಂಬುದನ್ನು ಇವು ತೋರಿಸುತ್ತವೆ.

ಬರಹವೆಂಬ ಕಾವಲು

ಬೆನ್ನಟ್ಟಿ ಬರುವವನನ್ನು ಅಕ್ಷರದಿಂದ ತಡೆಯಬಹುದೆಂಬ ನಂಬಿಕೆ ಮೋಟಾರು ವಾಹನಗಳಿಗಿಂತ ಹಳೆಯದು. ಕನ್ನಡ ನಾಡಿನ ದಾನಶಾಸನಗಳ ಕೊನೆಯ ಶಾಪಾಶಯವನ್ನು ಇಲ್ಲಿ ನೆನೆಯಬಹುದು. ದಾನವನ್ನು ಕೆಡಿಸುವವನು ಯಾರೆಂದು ಬರೆಸಿದವನಿಗೆ ತಿಳಿಯದು. ಆದರೂ ಅವನು ಬಂದೇ ಬರುತ್ತಾನೆಂದು ಭಾವಿಸಿ ಅವನನ್ನೇ ಕುರಿತು ಎಚ್ಚರಿಕೆ ಕೆತ್ತಲಾಗುತ್ತದೆ. ಒಂದು ಕಾಲಕ್ಕೆ ಸಿಂದರ ಆಳ್ವಿಕೆಯ ನೆಲೆಯಾಗಿದ್ದ ಕುರುಗೋಡಿಗೆ ಇಂಥ ಶಾಸನಭಾಷೆ ಹೊಸದಲ್ಲ. ಹತ್ತಿರದ ಕಾಲದ ಇನ್ನೊಂದು ನಿದರ್ಶನ 1990ರ ದಶಕದಲ್ಲಿ ಕರ್ನಾಟಕದ ಹಲವೆಡೆ ಮನೆಬಾಗಿಲುಗಳ ಮೇಲೆ ಕಾಣಿಸಿಕೊಂಡ ‘ನಾಳೆ ಬಾ’. ರಾತ್ರಿ ಬಾಗಿಲು ತಟ್ಟುವ ದೆವ್ವ ಇದನ್ನು ಓದಿ ಹಿಂದಿರುಗುತ್ತದೆ, ಮರುದಿನವೂ ಅದೇ ಬರಹವನ್ನು ಓದಿ ಮತ್ತೆ ಹಿಂದಿರುಗುತ್ತದೆ ಎಂಬುದು ನಂಬಿಕೆ. ತೆಲುಗು ನಾಡಿನಲ್ಲಿ ಇದರ ಜೋಡಿ ರೂಪ ‘ಓ ಸ್ತ್ರೀ ರೇಪು ರಾ’. ಅಂಗಡಿಯ ‘ಇಂದು ನಗದು, ನಾಳೆ ಉದ್ರಿ’ ಇದೇ ತರ್ಕದ ವ್ಯಾವಹಾರಿಕ ರೂಪ.

ಈ ಬರಹಗಳಲ್ಲಿ ಸಮಾನವಾದ ಅಂಶವೊಂದಿದೆ. ಬೇಡದ ಅತಿಥಿಯನ್ನು ಬೈಯದೆ, ಹೊಡೆಯದೆ, ಅವನ ಓದಿನ ಮೂಲಕವೇ ದೂರವಿಡುವುದು ಇವುಗಳ ಉಪಾಯ. ದೆವ್ವಕ್ಕೂ ಅಕ್ಷರ ಬರುತ್ತದೆ, ಅದಕ್ಕೂ ಕೊಟ್ಟ ಮಾತಿಗೆ ನಿಲ್ಲುವ ಮರ್ಯಾದೆ ಇದೆ ಎಂದು ಭಾವಿಸುವುದರಲ್ಲಿಯೇ ಹಾಸ್ಯ ಹುಟ್ಟುತ್ತದೆ. ಲಾರಿಯ ಬೆನ್ನಿಗೆ ಕಟ್ಟಿದ ಹಳೆಯ ಚಪ್ಪಲಿ, ನಿಂಬೆಹಣ್ಣು, ಮೆಣಸಿನಕಾಯಿ ದೃಷ್ಟಿಯನ್ನು ತಡೆಯುತ್ತವೆ. ಪಕ್ಕದಲ್ಲಿರುವ ಬರಹ ಆ ದೃಷ್ಟಿಯುಳ್ಳವನನ್ನೇ ಮಾತನಾಡಿಸುತ್ತದೆ. ಉತ್ತರ ಭಾರತದ ಲಾರಿಗಳೊಡನೆ ಬಂದು ಇಲ್ಲಿಯೂ ಪರಿಚಿತವಾಗಿರುವ ‘ಬುರಿ ನಜರ್ ವಾಲೆ ತೇರಾ ಮುಂಹ್ ಕಾಲಾ’ ಕೆಟ್ಟ ಕಣ್ಣಿನವನ ಮುಖ ಕಪ್ಪಾಗಲೆಂದು ಶಪಿಸುತ್ತದೆ. ಅದರ ಪಾಠಾಂತರವೊಂದು ಕೊನೆಯನ್ನು ಬದಲಿಸಿ ‘ತೇರಾ ಭೀ ಭಲಾ’, ನಿನಗೂ ಒಳ್ಳೆಯದಾಗಲಿ, ಎನ್ನುತ್ತದೆ. ಶಾಪವನ್ನು ನಿರೀಕ್ಷಿಸಿದ ಓದುಗನಿಗೆ ಹರಕೆ ದೊರೆತಾಗ ನಗು ಬರುತ್ತದೆ. ಆ ನಗುವಿನಲ್ಲಿ ಕೆಟ್ಟ ಕಣ್ಣೂ ಮೆದುವಾಗುತ್ತದೆ. ಸೂತ್ರವೊಂದು ತನ್ನ ಅಣಕವನ್ನೂ ಹೊತ್ತು ತಿರುಗುವುದು ಜೀವಂತ ಜಾನಪದದ ಲಕ್ಷಣ.

ಏಕವಚನದ ಸಲಿಗೆ

ಸರ್ಕಾರದ ಫಲಕ ಬಹುವಚನದಲ್ಲಿ ಮಾತನಾಡುತ್ತದೆ: ಕಾಪಾಡಿ, ಚಲಿಸಿ, ಪಾಲಿಸಿ. ಚೇಷ್ಟೆಯ ವಾಹನೋಕ್ತಿಗಳ ಭಾಷೆ ಬಹುಪಾಲು ಏಕವಚನದ್ದು. ‘ಮುಟ್ಟಬೇಡ’, ‘ಹೊಟ್ಟೆಕಿಚ್ಚು ಪಡಬೇಡ’ ಎಂಬಲ್ಲಿ ಹಿಂದಿನವನು ಜೊತೆಗಾರನೂ ಹೌದು, ಪೈಪೋಟಿಗಾರನೂ ಹೌದು. ಗಡಿಸೀಮೆಯ ಆಟೊ, ಲಾರಿಗಳಲ್ಲಿ ಕಾಣುವ ತೆಲುಗಿನ ‘ನನ್ನು ಚೂಸಿ ಏಡವಕುರಾ’ ಎಂಬುದು ನನ್ನನ್ನು ನೋಡಿ ಅಳಬೇಡ, ಎಂದರೆ ಕರುಬಬೇಡ, ಎಂಬ ಮಾತು. ಅದರ ಕೊನೆಯ ‘ರಾ’ ಬಳ್ಳಾರಿ ಕನ್ನಡದ ‘ಲೇ’ಗೆ ಸಮೀಪದ್ದು. ಎದುರಿಗೆ ನಿಂತು ಹೇಳಿದರೆ ಜಗಳಕ್ಕೆ ಕಾರಣವಾಗಬಹುದಾದ ಸಂಬೋಧನೆ ಗಾಡಿಯ ಬೆನ್ನಿನ ಮೇಲೆ ಸಲಿಗೆಯಾಗಿ ಉಳಿಯುತ್ತದೆ. ಏಕೆಂದರೆ ಅಲ್ಲಿ ಹೇಳುವವನ ಮುಖ ಕಾಣುವುದಿಲ್ಲ, ಕೇಳುವವನಿಗೆ ಉತ್ತರ ಕೊಡುವ ಅವಕಾಶವಿಲ್ಲ. ಒತ್ತೊತ್ತಿ ಹಾರ್ನ್ ಮಾಡುತ್ತ ಬೆನ್ನು ಹತ್ತಿದವನ ಮೇಲಿನ ಸಿಟ್ಟನ್ನು ಚಾಲಕನು ಹಿಂದಿರುಗಿ ನೋಡದೆಯೇ, ಮೊದಲೇ ಬರೆಸಿಟ್ಟ ಮಾತಿನಿಂದ ತೀರಿಸಿಕೊಳ್ಳುತ್ತಾನೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಗಾದೆಯಂತೆಯೇ ಇದೂ ಯಾರೊಬ್ಬರ ಮಾತೂ ಅಲ್ಲವಾದುದರಿಂದ ಯಾರಿಗೂ ನೇರವಾಗಿ ತಗಲುವುದಿಲ್ಲ.

ಅಮೆರಿಕದ ಬಂಪರ್ ಸ್ಟಿಕ್ಕರುಗಳೊಡನೆ ಹೋಲಿಸಿದಾಗ ಇದರ ವಿಶಿಷ್ಟತೆ ಸ್ಪಷ್ಟವಾಗುತ್ತದೆ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಬೆಳೆದ ಈ ಪದ್ಧತಿ ಪ್ರವಾಸಿ ತಾಣಗಳ ಜಾಹೀರಾತಿಗೂ ಚುನಾವಣೆಯ ಪ್ರಚಾರಕ್ಕೂ ಬಳಕೆಯಾಗಿ, ಕ್ರಮೇಣ ಕಾರಿನ ಒಡೆಯನ ಅಭಿಪ್ರಾಯ ಫಲಕವಾಯಿತು. 2008ರಲ್ಲಿ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವೊಂದು, ಕಾರಿನ ಮೇಲೆ ಇಂಥ ಗುರುತುಗಳನ್ನು ಹೆಚ್ಚಾಗಿ ಹಚ್ಚಿಕೊಂಡವರಲ್ಲಿ ಆಕ್ರಮಣಕಾರಿ ಚಾಲನೆಯ ಪ್ರವೃತ್ತಿಯೂ ಹೆಚ್ಚೆಂದು ಹೇಳಿತು. ಬರಹದ ಅರ್ಥ ಸೌಮ್ಯವೋ ಉಗ್ರವೋ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. ಈ ತೀರ್ಮಾನವನ್ನು ಬಳ್ಳಾರಿಗೆ ಹಾಗೆಯೇ ತಂದು ಅನ್ವಯಿಸುವುದು ಸರಿಯಾಗದು. ಅಲ್ಲಿಯ ಸ್ಟಿಕ್ಕರು ಒಡೆಯನ ಸ್ವಂತ ಗುರುತು. ಇಲ್ಲಿಯ ಲಾರಿಯಲ್ಲಿ ಒಡೆಯ, ಚಾಲಕ, ಪೇಂಟರ್ ಬೇರೆ ಬೇರೆಯವರಾಗಿರುವುದೇ ಹೆಚ್ಚು. ಸಾಲ ಕೊಟ್ಟ ಸಂಸ್ಥೆಯ ಹೆಸರೂ ಅದೇ ಗಾಡಿಯ ಮೇಲಿರುತ್ತದೆ. ‘ತಂದೆ ತಾಯಿಯ ಆಶೀರ್ವಾದ’ ಮತ್ತು ಸಾಲದ ಒಡಂಬಡಿಕೆ ಒಂದೇ ಮೈಮೇಲೆ ಇರುವುದು ಯಾರೂ ಉದ್ದೇಶಿಸದ, ಆದರೆ ಸತ್ಯಕ್ಕೆ ಹತ್ತಿರವಾದ ವ್ಯಂಗ್ಯ.

ಓದಿನ ಅಂತರ, ಪ್ರಾಣದ ಅಂತರ

ಈ ಹಾಸ್ಯವನ್ನು ಮೆಚ್ಚುವಾಗ ಅದರ ಒಳಗಿನ ತೊಡಕನ್ನು ಮರೆಯಲಾಗದು. ಹಿಂದಿನವನನ್ನು ದೂರವಿಡಬೇಕಾದ ಮಾತು ಸಣ್ಣ ಅಕ್ಷರದಲ್ಲಿದ್ದರೆ ಅದನ್ನು ಓದಲು ಅವನು ಹತ್ತಿರ ಬರಲೇಬೇಕು. ಮುಂದಿನ ವಾಹನ ಹಠಾತ್ತನೆ ನಿಂತರೂ ಡಿಕ್ಕಿಯಾಗದಷ್ಟು ಅಂತರವಿರಬೇಕೆಂದು 1989ರ ರಸ್ತೆ ನಿಯಮಾವಳಿ ವಿಧಿಸಿತ್ತು. 2017ರಲ್ಲಿ ಅದರ ಜಾಗಕ್ಕೆ ಬಂದ ಚಾಲನಾ ನಿಯಮಾವಳಿಯೂ ಸುರಕ್ಷಿತ ಅಂತರವನ್ನು ಕಡ್ಡಾಯವಾಗಿ ಉಳಿಸಿಕೊಂಡಿದೆ. ಲಾರಿಯೊಂದಕ್ಕೆ ಹಿಂದಿನಿಂದ ಕಾರು ಬಡಿದ ಪ್ರಕರಣವನ್ನು 2018ರಲ್ಲಿ ತೀರ್ಮಾನಿಸುವಾಗ ಸುಪ್ರೀಂ ಕೋರ್ಟು, ಅನುಕೂಲಕರ ಸ್ಥಿತಿಯಲ್ಲಿಯೂ ಕನಿಷ್ಠ ಎರಡರಿಂದ ಮೂರು ಸೆಕೆಂಡುಗಳ ಅಂತರ ಇರಬೇಕೆಂದು ಹೇಳಿತು. ಆ ಕಾರು ಲಾರಿಯಿಂದ 10–15 ಅಡಿ ಹಿಂದಿತ್ತು. ಅದು ಸುರಕ್ಷಿತ ಅಂತರವಲ್ಲವೆಂದು ನ್ಯಾಯಾಲಯ ಭಾವಿಸಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡುಗಳೆಂದರೆ 50 ಮೀಟರ್. ಬಂಪರಿನ ಮೇಲಿನ ಗೇಣುದ್ದದ ಸಾಲನ್ನು ಸಲೀಸಾಗಿ ಓದಲು ಬರುವುದು ಆ 10–15 ಅಡಿಯ ಸನಿಹದಲ್ಲಿಯೇ. ಕಾನೂನು ಕೇಳುವ ಅಂತರವೂ ನಗೆಮಾತು ಕೇಳುವ ಅಂತರವೂ ಒಂದಕ್ಕೊಂದು ವಿರುದ್ಧವಾಗಿವೆ.

ಇದು ಕೇವಲ ತರ್ಕದ ವಿನೋದವಲ್ಲ. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರು. ಅಪಘಾತಗಳಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿನವು ಹಿಂದಿನಿಂದ ಬಡಿದುದರಿಂದ ಆದವು. ರಾತ್ರಿ ದೀಪವಿಲ್ಲದೆ ಸಾಗುವ ಭತ್ತದ ಟ್ರೇಲರಿನ ಹಿಂದೆ ಯಾವ ಉಕ್ತಿಯಿದ್ದರೂ ಅದು ಕಾಣುವುದಿಲ್ಲ. ಅಲ್ಲಿ ಜೀವ ಉಳಿಸುವುದು ಕೆಂಪು ಪ್ರತಿಫಲಕ ಪಟ್ಟಿಯೇ ಹೊರತು ಗಾದೆಯಲ್ಲ.

ಹಾಗೆಂದು ಈ ಬರಹಗಳನ್ನು ಅಪಾಯವೆಂದು ತಳ್ಳಿಹಾಕುವುದೂ ಸರಿಯಾಗದು. ಕೈಬರಹದ ಪೇಂಟರುಗಳ ಹಳೆಯ ಕ್ರಮವನ್ನು ಗಮನಿಸಿದರೆ ಈ ತೊಡಕಿನ ಅರಿವು ಅವರಿಗೆ ಇದ್ದಂತೆ ತೋರುತ್ತದೆ. ದೇವರ ಹೆಸರು ಮತ್ತು ಎಚ್ಚರಿಕೆ ದೊಡ್ಡ ಅಕ್ಷರದಲ್ಲಿ, ಎದ್ದುಕಾಣುವ ಜಾಗದಲ್ಲಿ. ಚೇಷ್ಟೆಯ ಮಾತು ಸಣ್ಣದಾಗಿ, ಮೂಲೆಯಲ್ಲಿ ಅಥವಾ ಬಂಪರಿನ ಮೇಲೆ. ಮೊದಲನೆಯದು ಓಡುವಾಗಿನ ಓದು, ಎರಡನೆಯದು ನಿಂತಾಗಿನ ಓದು. ರೈಲ್ವೆ ಗೇಟು, ಸಿಗ್ನಲ್, ಟೋಲ್, ಅದಿರಿನ ತಪಾಸಣಾ ಠಾಣೆಯ ಸಾಲು, ಇವು ಹಾಸ್ಯದ ನಿಜವಾದ ನೆಲೆಗಳು. ಗಾಡಿಗಳು ನಿಂತಿರುವಾಗ ಸನಿಹವಿದ್ದರೂ ಅಪಾಯವಿಲ್ಲ, ಬೇಸರ ಮಾತ್ರ ಇರುತ್ತದೆ. ಆ ಬೇಸರವನ್ನು ಕಳೆಯುವುದು ನಗೆಯ ಕೆಲಸ. ಆಜ್ಞೆ ಚಲನೆಗೆ ಸೇರಿದ್ದು, ನಗೆ ನಿಲುಗಡೆಗೆ ಸೇರಿದ್ದು ಎಂಬ ಈ ವಿಂಗಡಣೆಯೇ ವಾಹನೋಕ್ತಿಯ ಅಲಿಖಿತ ಲಕ್ಷಣಶಾಸ್ತ್ರ. ಅದನ್ನು ಪಾಲಿಸಿದ ಬರಹ ಒಳ್ಳೆಯದು. ಓಡುವ ಲಾರಿಯ ಮೇಲೆ ಉದ್ದನೆಯ ನಗೆಮಾತನ್ನು ತುಂಬಿದ ಬರಹ ಎಷ್ಟೇ ಚತುರವಾಗಿದ್ದರೂ ದೋಷಯುಕ್ತ.

ಅದಿರಿನ ಕಾಲ ಮತ್ತು ನಂತರ

ಬಳ್ಳಾರಿಯ ಇತ್ತೀಚಿನ ಇತಿಹಾಸ ಈ ಎರಡೂ ಓದುಗಳನ್ನು ಅತಿರೇಕಕ್ಕೆ ಒಯ್ದಿತು. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಬೆಲೆ ಏರಿದಾಗ ಸಂಡೂರು, ಹೊಸಪೇಟೆ, ಬಳ್ಳಾರಿಯ ದಾರಿಗಳು ಮಿತಿಮೀರಿ ತುಂಬಿದ ಲಾರಿಗಳಿಂದ ಕಿಕ್ಕಿರಿದವು. ಟ್ರಿಪ್ಪಿನ ಲೆಕ್ಕದ ದುಡಿಮೆಯಲ್ಲಿ ‘ನಿಧಾನವೇ ಪ್ರಧಾನ’ ಎಂದು ಬರೆಸಿಕೊಂಡ ಗಾಡಿಗೂ ನಿಧಾನಿಸಲು ಬಿಡುವಿರಲಿಲ್ಲ. ಬರೆಸಿಕೊಂಡ ಮಾತನ್ನು ಕೆಂಪು ಧೂಳು ಮುಚ್ಚುತ್ತಿತ್ತು. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ವರದಿಗಳು 2008 ಮತ್ತು 2011ರಲ್ಲಿ ಸಲ್ಲಿಕೆಯಾದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿದಾಗ ಲಾರಿಗಳು ಸಾಲುಸಾಲಾಗಿ ನಿಂತವು. ಕಂತು ಕಟ್ಟಲಾಗದ ಒಡೆಯರಿಗೆ ‘ಹೊಟ್ಟೆಕಿಚ್ಚು ಪಡಬೇಡ’ ಎಂಬ ಮಾತಿಗೆ ಅರ್ಥವೇ ಉಳಿಯಲಿಲ್ಲ. ಒಂದೇ ಪಠ್ಯ ಓಡುವ ಗಾಡಿಯಲ್ಲಿ ಹೆಮ್ಮೆಯಾಗಿ, ನಿಂತ ಗಾಡಿಯಲ್ಲಿ ವಿಷಾದವಾಗಿ ಓದಿಸಿಕೊಳ್ಳುತ್ತದೆ. ಸಂದರ್ಭವಿಲ್ಲದ ಸಂಗ್ರಹಕ್ಕೆ ಈ ವ್ಯತ್ಯಾಸ ಕಾಣಲಾರದು.

ಈಗ ಇನ್ನೊಂದು ಬದಲಾವಣೆ ನಡೆದಿದೆ. ಪೇಂಟರಿನ ಕುಂಚದ ಜಾಗಕ್ಕೆ ಜನ ‘ರೇಡಿಯಂ’ ಎಂದು ಕರೆಯುವ ಹೊಳೆಯುವ ಹಾಳೆಯ ಕಟಿಂಗ್ ಬಂದಿದೆ. ಅಕ್ಷರ ರಾತ್ರಿಯಲ್ಲಿಯೂ ಮಿನುಗುತ್ತದೆ ಎಂಬುದು ಲಾಭ. ಒಂದೇ ನಮೂನೆ ಊರೂರಿನಲ್ಲಿ ಹರಡಿ ಸ್ಥಳೀಯ ಪಾಠಾಂತರ ಕುಗ್ಗುತ್ತದೆ ಎಂಬುದು ನಷ್ಟ. ಆಡಳಿತವೂ ಈ ಬರಹಗಳನ್ನು ಗಂಭೀರವಾಗಿ ಓದತೊಡಗಿದೆ: ‘ಹಾರ್ನ್ ಓಕೆ ಪ್ಲೀಸ್’ ಎಂಬುದು ವೃಥಾ ಹಾರ್ನ್ ಮಾಡಲು ಪ್ರಚೋದಿಸುತ್ತದೆಂದು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಅದನ್ನು ನಿಷೇಧಿಸಿತು. ಜನ ಅಲಂಕಾರವೆಂದು ಬಗೆದ ಸೂತ್ರವೊಂದನ್ನು ಸರ್ಕಾರ ಆಜ್ಞೆಯೆಂದು ಓದಿದ ಅಪರೂಪದ ನಿದರ್ಶನವಿದು.

ಆದುದರಿಂದ ಮುಂದಿನ ಸಂಗ್ರಹಕಾರರು ಉಕ್ತಿಯ ಜೊತೆಗೆ ವಾಹನದ ಬಗೆ, ಬರಹದ ಜಾಗ, ಅಕ್ಷರದ ಅಳತೆ, ಭಾಷೆ ಮತ್ತು ಲಿಪಿ, ಬರೆಸಿದವರು, ಬರೆದವರು, ಓದಲು ಬರುವ ದೂರ ಇವೆಲ್ಲವನ್ನೂ ದಾಖಲಿಸುವುದು ಅಗತ್ಯ. ಬಳ್ಳಾರಿಯಂಥ ಗಡಿಸೀಮೆಯಲ್ಲಿ ಕನ್ನಡ, ತೆಲುಗು, ಉರ್ದುಗಳು ಒಂದೇ ಹಲಗೆಯ ಮೇಲೆ ನೆರೆಹೊರೆಯಾಗಿರುವುದರಿಂದ ಈ ದಾಖಲೆ ಭಾಷಾಸಂಪರ್ಕದ ಅಧ್ಯಯನಕ್ಕೂ ಆಧಾರವಾದೀತು. ಪರಸ್ಪರ ಮುಖ ನೋಡಲಾಗದ ಇಬ್ಬರು ದುಡಿಮೆಗಾರರು ಜಗಳವಿಲ್ಲದೆ ಒಂದೇ ದಾರಿಯನ್ನು ಹಂಚಿಕೊಳ್ಳಲು ಕಂಡುಕೊಂಡ ಮಾತಿನ ಕ್ರಮ ಇದು. ಅದನ್ನು ದಾಖಲಿಸುವಾಗ ಅಂತರವನ್ನು ಬಿಟ್ಟುಕೊಟ್ಟರೆ ಉಳಿಯುವುದು ಬರೀ ನಗೆಹನಿಗಳ ಪಟ್ಟಿ.