ಚೆಲ್ಲಿದ ಅಕ್ಕಿ, ಚೆಲ್ಲಿಸಿದ ಅಕ್ಕಿ: ಆಯ್ದಕ್ಕಿ ಲಕ್ಕಮ್ಮನ ವಚನಗಳ ಒಂದು ವಿವೇಚನೆ

ನೆಲೆ ತಪ್ಪಿ ಬಂದವರ ಮನೆವಾರ್ತೆಯನ್ನು ಕುರಿತು ಈಚೆಗೆ ನಡೆಯುವ ಚರ್ಚೆಗಳಲ್ಲಿ ಒಂದು ವಿಚಾರವು ಮತ್ತೆ ಮತ್ತೆ ತಲೆದೋರುತ್ತದೆ. ಬಿಸುಡುವ ವಸ್ತುವನ್ನು ಪುನಃ ಬಳಕೆಗೆ ತಂದರೆ ಬಂದವರ ಕೊರತೆಯೂ ನೀಗುವುದು, ಆಶ್ರಯವಿತ್ತವರ ಹೊರೆಯೂ ಇಳಿಯುವುದು ಎಂಬುದೇ ಆ ವಿಚಾರ. ಹೊಸದೆಂಬಂತೆ ಹೇಳಲ್ಪಡುವ ಈ ಮಾತನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಾಳಿ ನೋಡಿದ ದಂಪತಿಗಳು ನಮ್ಮ ಸಾಹಿತ್ಯದಲ್ಲಿದ್ದಾರೆ. ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ಇವರ ಹೆಸರಿನಲ್ಲಿಯೇ ಅವರ ಕಾಯಕವು ಅಡಗಿದೆ.

ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ ಇವರು ಕಲ್ಯಾಣಕ್ಕೆ ಬಂದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯನು ಆಯ್ದು ತರುವನು. ಅದನ್ನು ಲಕ್ಕಮ್ಮನು ಅಟ್ಟು ದಾಸೋಹ ನಡೆಸುವಳು. ಇವರನ್ನು ಇಂದಿನ ಅರ್ಥದಲ್ಲಿ ನಿರಾಶ್ರಿತರೆನ್ನಲಾಗದು. ಇವರು ಶರಣರ ಸಂಗವನ್ನು ಅರಸಿ ತಾವಾಗಿಯೇ ಬಂದವರು. ಆದರೂ ಇಬ್ಬರ ಅಂಕಿತದಲ್ಲಿಯೂ ಬಿಟ್ಟುಬಂದ ಊರಿನ ದೈವವು ಉಳಿದಿರುವುದು ಗಮನಾರ್ಹ. ಪರರ ಊರಿನಲ್ಲಿ ಪರರ ಅಂಗಳದ ಕಾಳಿನಿಂದ ಒಲೆ ಹೊತ್ತಿಸುವವರ ಸ್ಥಿತಿಯನ್ನು ಇವರಷ್ಟು ಬಲ್ಲವರು ವಚನಕಾರರಲ್ಲಿ ವಿರಳ.

ಇವರ ಪ್ರಸಂಗವು ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ತಂದಲ್ಲಿಗೇ ಹೋಗಿ ಸುರಿದು ಬರುವಂತೆ ಹೇಳುತ್ತಾಳೆ. ವಿಮರ್ಶಕರು ಸಾಮಾನ್ಯವಾಗಿ ಇದನ್ನು ನಿರಾಶೆಯ, ಅಪರಿಗ್ರಹದ ಉಪದೇಶವೆಂದು ವ್ಯಾಖ್ಯಾನಿಸುತ್ತಾರೆ. ಆಸೆಯು ಅರಸರಿಗೆ ಸಲ್ಲುವುದಲ್ಲದೆ ಭಕ್ತರಿಗೆ ಸಲ್ಲದೆಂದು ಆಕೆಯೇ ಹೇಳಿರುವುದರಿಂದ ಈ ವ್ಯಾಖ್ಯಾನವು ನಿರಾಧಾರವೇನೂ ಅಲ್ಲ. ಆದರೆ ಇದು ಅರ್ಧಸತ್ಯವೆಂಬುದು ನಮ್ಮ ಅಭಿಪ್ರಾಯ.

ಏಕೆಂದರೆ, ಆ ವಚನದಲ್ಲಿ ಲಕ್ಕಮ್ಮನು ಗಂಡನನ್ನು ಮಾತ್ರ ಪ್ರಶ್ನಿಸುತ್ತಿಲ್ಲ. ಈ ಹೆಚ್ಚಳವು ಮಾರಯ್ಯನ ಮನಸ್ಸಿನಿಂದ ಹುಟ್ಟಿತೋ, ಬಸವಣ್ಣನವರ ಸಂದೇಹದ ಚಿತ್ತದಿಂದ ಹುಟ್ಟಿತೋ ಎಂದು ಕೇಳುತ್ತಾಳೆ. ಪರೀಕ್ಷಿಸುವ ಉದ್ದೇಶದಿಂದ ಬಸವಣ್ಣನವರೇ ಅಂದು ಅಕ್ಕಿಯನ್ನು ಹೆಚ್ಚಾಗಿ ಚೆಲ್ಲಿಸಿದರೆಂದು ಪರಂಪರೆಯಿಂದ ಬಂದ ಒಂದು ಹೇಳಿಕೆಯೂ ಉಂಟು. ಇದನ್ನು ಚರಿತ್ರೆಯೆಂದು ಸಾಧಿಸುವುದು ಅನಾವಶ್ಯಕ. ವಚನದ ಪ್ರಶ್ನೆಗೆ ಇದು ಒಳ್ಳೆಯ ಭಾಷ್ಯವೆಂಬುದಷ್ಟೇ ನಮಗೆ ಮುಖ್ಯ. ಆಕೆ ಬಳಸುವ 'ಒಮ್ಮನ', 'ಇಮ್ಮನ' ಎಂಬ ಮಾತುಗಳಲ್ಲಿ ಮನಸ್ಸಿನ ಏಕತೆ ಮತ್ತು ದ್ವಂದ್ವಗಳು ಸೂಚಿತವಾಗಿವೆ. ಅವುಗಳ ಹಿಂದೆ ಧಾನ್ಯವನ್ನಳೆಯುವ 'ಮಾನ'ದ ಧ್ವನಿಯೂ ಕೇಳಿಸದಿರದು.

ತಾನಾಗಿ ಚೆಲ್ಲಿದ ಅಕ್ಕಿಗೂ ಬೇಕೆಂದು ಚೆಲ್ಲಿಸಿದ ಅಕ್ಕಿಗೂ ಇರುವ ಅಂತರವೇ ಈ ಪ್ರಸಂಗದ ತಿರುಳು. ಮೊದಲನೆಯದನ್ನು ಆಯುವುದು ಕಾಯಕ. ಅಲ್ಲಿ ಶ್ರಮವೂ ಅಳತೆಯೂ ಆಯುವವನ ಕೈಯಲ್ಲಿವೆ. ಎರಡನೆಯದು ಕಸದ ವೇಷವನ್ನು ತೊಟ್ಟ ಭಿಕ್ಷೆ. ಅಲ್ಲಿ ಅಳತೆಯು ಕೊಡುವವನ ಕೈ ಸೇರುತ್ತದೆ. ವಸ್ತು ಒಂದೇ, ಅಂಗಳವೂ ಒಂದೇ. ಆದರೆ ಬಾಳುವ ರೀತಿಯೇ ಬೇರೆಯಾಗುತ್ತದೆ. ಕಾಯಕವನ್ನು ಕೈಲಾಸವೆಂದು ಸಾರಿದ ಮಾರಯ್ಯನಿಗೆ ಕಾಣದೆ ಹೋದ ಈ ಸೂಕ್ಷ್ಮವು ಅಡುಗೆಯ ಒಲೆಯ ಮುಂದಿದ್ದ ಲಕ್ಕಮ್ಮನಿಗೆ ಕಂಡುದು ಸಹಜವೇ ಆಗಿದೆ. ದಿನಕ್ಕೆ ಎಷ್ಟು ಸಾಕೆಂಬುದನ್ನು ಅರಿತವಳು ಅವಳು.

ಇಲ್ಲೊಂದು ಆಕ್ಷೇಪವು ಏಳಬಹುದು. ಬಡವರು ಇದ್ದುದರಲ್ಲಿಯೇ ತೃಪ್ತರಾಗಿರಲೆಂದು ಹೇಳುವವರಿಗೆ ಲಕ್ಕಮ್ಮನ ಮಾತು ಅನುಕೂಲವಾಗುವುದಿಲ್ಲವೇ? ಹಾಗೆ ಬಳಸಿಕೊಂಡವರಿಲ್ಲದಿಲ್ಲ. ಆದರೆ ಸಾಕೆಂಬ ಮಾತನ್ನು ಉಣ್ಣುವವರು ಆಡುವುದು ಬೇರೆ, ಬಡಿಸುವವರು ಆಡುವುದು ಬೇರೆ. ಮೊದಲನೆಯದು ಸ್ವಾತಂತ್ರ್ಯ, ಎರಡನೆಯದು ಜಿಪುಣತನ. ಲಕ್ಕಮ್ಮನ ವಚನವನ್ನು ಮಹಾಮನೆಯವರ ಬಾಯಿಗೆ ಹಾಕಿದರೆ ಅದು ವಚನವಾಗಿ ಉಳಿಯದು.

ಈ ವಿವೇಚನೆಯು ಗ್ರಂಥಕ್ಕಷ್ಟೇ ಸೀಮಿತವಲ್ಲ. ದಾವಣಗೆರೆಯ ವಿನೋಬನಗರದಂತಹ ಬಡಾವಣೆಯಲ್ಲಿ ಹರಿದ ಸೀರೆಯು ಕೌದಿಯಾಗುವುದನ್ನೂ, ಮುಸುರೆಯು ಎಮ್ಮೆಯ ಬಾನಿಗೆ ಸೇರುವುದನ್ನೂ, ಬಚ್ಚಲ ನೀರು ಬಾಳೆಯ ಬುಡಕ್ಕೆ ಹರಿಯುವುದನ್ನೂ ಯಾರೂ ಹೀನವೆಂದೆಣಿಸುವುದಿಲ್ಲ. ಅದು ಮನೆಯೊಡತಿಯ ಜಾಣ್ಮೆ. ಅದೇ ಹಳೆಯ ಸೀರೆ, ಅದೇ ತಂಗಳನ್ನ ಮನೆಗೆಲಸದವಳ ಕೈಗೆ ಉಪಕಾರವೆಂಬಂತೆ ಬಂದಾಗ ಅರ್ಥವು ಬದಲಾಗುತ್ತದೆ. ಹರಿಹರದ ಮಗ್ಗುಲಲ್ಲಿ ಹರಿದು ಹೋಗುವ ತುಂಗಭದ್ರೆಯ ಕಾಲುವೆಯು ಸಿಂಧನೂರಿನ ಬತ್ತದ ಗದ್ದೆಗಳಿಗೆ ನೀರುಣಿಸುತ್ತದೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ಅಲ್ಲಿಯ ಕ್ಯಾಂಪುಗಳಲ್ಲಿ ನೆಲಸಿವೆ. ಲಕ್ಕಮ್ಮನ ಅಮರೇಶ್ವರವಿರುವುದೂ ಅದೇ ಜಿಲ್ಲೆಯಲ್ಲಿ. ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ, ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟನ್ನರ ನೆಲೆಗಳು ಸ್ಥಾಪಿತವಾದಾಗ ಅವರಿಗೆ ದೊರೆತುದು ಉಪಕಾರದ ಉಳಿಕೆಯಲ್ಲ, ಉಳುವುದಕ್ಕೆ ಭೂಮಿ. ತಮ್ಮ ತಿಪ್ಪೆಯ ಗೊಬ್ಬರವನ್ನು ತಮ್ಮ ಹೊಲಕ್ಕೇ ಹಾಕಿಕೊಳ್ಳುವ ಅವಕಾಶವಿದ್ದಲ್ಲಿ ಮಾತ್ರ ಪುನರ್ಬಳಕೆಯು ಸ್ವಾವಲಂಬನವಾಗುತ್ತದೆ. 1951ರಲ್ಲಿ ಭೂದಾನವನ್ನು ಆರಂಭಿಸಿದ ವಿನೋಬಾ ಅವರು ದಾನವೆಂದರೆ ಸಮವಾದ ಹಂಚಿಕೆಯೆಂದು ಅರ್ಥೈಸಿದುದೂ ಇಲ್ಲಿ ಸ್ಮರಣೀಯ.

ಶರಣರ ಕಥನವು ಅಕ್ಕಿಯನ್ನು ಹಿಂದಿರುಗಿಸುವಲ್ಲಿಗೆ ಮುಗಿಯುವುದಿಲ್ಲ. ಲಕ್ಕಮ್ಮನು ಬಸವಣ್ಣನವರನ್ನೂ ಜಂಗಮಸಮೂಹವನ್ನೂ ತನ್ನ ಮನೆಗೆ ದಾಸೋಹಕ್ಕೆ ಕರೆಯುತ್ತಾಳೆ. ಆಯ್ದು ತಂದ ಅಕ್ಕಿಯೇ ಎಲ್ಲರಿಗೂ ಎಡೆಯಾಗುತ್ತದೆ. ಇದನ್ನು ಪವಾಡವೆಂದು ತೆಗೆದುಕೊಳ್ಳುವುದೂ ಬಿಡುವುದೂ ಓದುಗರ ನಂಬಿಕೆಗೆ ಸೇರಿದ್ದು. ಆದರೆ ಕಥನದ ನ್ಯಾಯವು ಸ್ಪಷ್ಟವಾಗಿದೆ. ಅತಿಥೇಯನು ಒಂದು ದಿನ ಅತಿಥಿಯಾಗಿ ಕುಳಿತು ಉಣ್ಣದೆ ಇಬ್ಬರ ನಡುವಣ ಋಣವು ಸಮವಾಗದು. ಮರುಬಳಕೆಯಿಂದ ಎಷ್ಟು ಉಳಿಯಿತೆಂದು ಲೆಕ್ಕವಿಡುವವರು, ಆ ಉಳಿಕೆಯಿಂದ ಬಂದವರ ಮನೆಯಲ್ಲಿ ಇನ್ನೊಬ್ಬರಿಗೆ ಎಲೆ ಹಾಕುವಷ್ಟು ಶಕ್ತಿ ಹುಟ್ಟಿತೇ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು. ಲಕ್ಕಮ್ಮನ ಅಳತೆ ಇದೇ ಆಗಿತ್ತೆಂದು ನಾವು ಭಾವಿಸುತ್ತೇವೆ.