ನಾಲ್ಕೇ ಸ್ವರದವನು: ಆಲ್ಬರ್ಟ್ ಕಿಂಗ್

ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಆಲ್ಬರ್ಟ್ ಕಿಂಗ್ 1992ರಲ್ಲಿ ತೀರಿಕೊಂಡ. ಅಭಿಮಾನಿಗಳ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಅವನಿಗೆ ಬರ್ತಿದ್ದದ್ದು ನಾಲ್ಕೇ ವರಸೆ, ಅವನ್ನೇ ತಿರುಗಿಸಿ ಮುರುಗಿಸಿ ನುಡಿಸ್ತಿದ್ದ ಅಂತ ಒಂದು ಗುಂಪು. ಆ ನಾಲ್ಕನ್ನು ಇನ್ನೊಬ್ಬ ಹಾಗೆ ನುಡಿಸಲಿ ನೋಡೋಣ ಅಂತ ಇನ್ನೊಂದು. ಮೊದಲು ಕೇಳಬೇಕಾದ್ದು: ಸ್ವರ ಎಣಿಸುವ ಈ ಅಳತೆಗೋಲು ಯಾರದು?

ಮಿಸಿಸಿಪ್ಪಿಯಲ್ಲಿ ಹುಟ್ಟಿದ ಈ ಕಪ್ಪು ಹುಡುಗ ಹತ್ತಿ ಬಿಡಿಸಿದ, ಬೆಳೆದ ಮೇಲೆ ಬುಲ್ಡೋಜರ್ ಓಡಿಸಿದ. ಗಿಟಾರ್ ತಾನೇ ಕಲಿತ. ಎಡಚನಾದ್ದರಿಂದ ಬಲಗೈಯವರ ವಾದ್ಯವನ್ನು ತಂತಿ ಬದಲಿಸದೆ ತಿರುವಿ ಹಿಡಿದ. ತೆಳು ತಂತಿಗಳು ಮೇಲಕ್ಕೆ ಬಂದವು. ಉಳಿದವರು ಮೇಲಕ್ಕೆ ನೂಕುವ ತಂತಿಯನ್ನು ಇವನು ಕೆಳಕ್ಕೆ ಜಗ್ಗಿದ. ಒಂದೇ ಸ್ವರ ನರಳುತ್ತಾ ಏರುವ ಅವನ ನಾದ ಬಂದದ್ದು ಹೀಗೆ.

ಅವನ 1967ರ 'ಬಾರ್ನ್ ಅಂಡರ್ ಎ ಬ್ಯಾಡ್ ಸೈನ್' ಅನ್ನು ಮರುವರ್ಷವೇ ಎರಿಕ್ ಕ್ಲಾಪ್ಟನ್ ಇದ್ದ ಇಂಗ್ಲೆಂಡಿನ ಕ್ರೀಮ್ ತಂಡ ಹಾಡಿತು. ಕ್ಲಾಪ್ಟನ್, ಸ್ಟೀವಿ ರೇ ವಾನ್ ಇಬ್ಬರೂ ಇವನಿಂದ ಕಲಿತವರು, ಋಣವನ್ನು ಮುಚ್ಚಿಟ್ಟವರಲ್ಲ. ಆದರೂ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಕ್ರೀಮ್ ತಂಡವನ್ನು 1993ರಲ್ಲಿ ಸೇರಿಸಿಕೊಂಡಿತು, ಕಿಂಗ್‌ನನ್ನು 2013ರಲ್ಲಿ. ಕಲಿತವರು ಮೊದಲು ಒಳಗೆ ಹೋದರು, ಕಲಿಸಿದವನು ಇಪ್ಪತ್ತು ವರ್ಷ ಹೊರಗೆ.

'ಅದೇ ನೋವು, ಅದೇ ಸಿಟ್ಟು' ಅಂತ ದಲಿತ ಬರಹವನ್ನು ತಳ್ಳಿಹಾಕುವ ವಿಮರ್ಶೆ ಈ ಎಣಿಕೆಯವರ ನೆಂಟನೇ. ಹಾಗಂತ ಹತ್ತಿ ಬಿಡಿಸಿದ್ದರಿಂದಲೇ ಕಿಂಗ್ ದೊಡ್ಡವನು ಅಂದರೆ ಅದು ಕನಿಕರ, ವಿಮರ್ಶೆಯಲ್ಲ. ಹತ್ತಿ ಬಿಡಿಸಿದವರು ಲಕ್ಷಾಂತರ; ತಂತಿಯನ್ನು ಹಾಗೆ ಜಗ್ಗಿದವನು ಇವನು. ಅವನ ದೊಡ್ಡಸ್ತಿಕೆಯನ್ನು ಆ ಜಗ್ಗಿನಲ್ಲಿ ಕೇಳಿ ತೋರಿಸಬೇಕು. ನಮ್ಮ ಬರಹಗಾರರ ವಿಷಯದಲ್ಲೂ ನಾವು ಮಾಡಬೇಕಾದ ಕೆಲಸ ಇದೇ.